ದೀಪ ಹಚ್ಚಿದ ಮೇಲೆ ಕಿತ್ತ ಹೂವು

"ದೀಪ ಹಚ್ಚಿದ ಮ್ಯಾಲ ಹೂ ಹರಿಯಬಾರದವ್ವಾ. ಗಿಡ ಮಲಗಿರ್ತಾವ," ಎಂದಳು ತಾರಾಬಾಯಿ. ಆಕೆ ಹೇಳಿದ್ದು ಮೊಬೈಲಿಗೆ.

ಮೊಬೈಲು ಮಂಚದ ಎದುರಿನ ಸ್ಟೂಲಿನ ಮೇಲೆ, ಮೂರು ಕಾಲಿನ ಸಣ್ಣ ಸ್ಟ್ಯಾಂಡಿನಲ್ಲಿ ನಿಂತಿತ್ತು. ಅದರ ಪರದೆಯಲ್ಲಿ ಅವರದೇ ಪಡಸಾಲೆ ಕಾಣುತ್ತಿತ್ತು. ಅದೇ ಕಬ್ಬಿಣದ ಮಂಚ, ಅದೇ ಕ್ಯಾಲೆಂಡರು, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಅದೇ ತಾರಾಬಾಯಿ. ಆದರೆ ಪರದೆಯೊಳಗಿನ ಪಡಸಾಲೆಯಲ್ಲಿ ಕಿಟಕಿಯ ಸರಳಿಗೆ ಒಂದು ಮಲ್ಲಿಗೆ ಬಳ್ಳಿ ಹಬ್ಬಿ, ಅದರ ಕವಲೊಂದು ಮಂಚದ ತನಕ ಚಾಚಿ, ಮೈತುಂಬ ಹೂ ಬಿಟ್ಟಿತ್ತು. ಹೊರಳಿ ಕಿಟಕಿ ನೋಡಿದರೆ ಬರೀ ಸರಳು. ಪರದೆ ನೋಡಿದರೆ ಬಳ್ಳಿ. ಎಡಗೈ ಚಾಚಿ, ಹೂವಿನ ಕೆಳಗೆ ಅಂಗೈ ಅಗಲಿಸಿ, ಐದು ಎಣಿಸುವ ತನಕ ಅಲುಗದಂತೆ ಹಿಡಿದರೆ ಹೂವು ಕಳಚಿ ಅಂಗೈಗೆ ಬೀಳುತ್ತಿತ್ತು. ಮುಷ್ಟಿ ಮುಚ್ಚಿದರೆ ಬುಟ್ಟಿಗೆ ಹೋಗುತ್ತಿತ್ತು. ಮುಂಜಾನೆ ಇಪ್ಪತ್ತು, ಸಂಜೆ ಇಪ್ಪತ್ತು. ನಲವತ್ತೂ ಆದರೆ ಪರದೆಯ ಮೇಲಂಚಿನ ಮಾಲೆ ಒಂದು ಗೇಣು ಬೆಳೆಯುತ್ತದೆ, ಒಂದು ದಿನ ತಪ್ಪಿದರೆ ಇಡೀ ಮಾಲೆ ಬಾಡುತ್ತದೆ. ಫಿಸಿಯೋಥೆರಪಿಯ ಮಂಗಲಾ ಅಂದು ಮುಂಜಾನೆ ಬಂದು ಇಷ್ಟನ್ನೂ ಹೇಳಿಕೊಟ್ಟು ಹೋಗಿದ್ದಳು.

"ತಾರಾಬಾಯಿಯವರೇ, ಇನ್ನೂ ಇಪ್ಪತ್ತು ಹೂವುಗಳು ಉಳಿದಿವೆ. ಪ್ರಯತ್ನಿಸೋಣವೇ?" ಎಂದಿತು ಮೊಬೈಲಿನ ಹೆಣ್ಣುದನಿ. ಮೊದಲು ಅದು ತೆಲುಗಿನಲ್ಲಿ ಮಾತಾಡುತ್ತಿತ್ತು. "ನನಗ ತೆಲುಗು ಬರ್ತದ ಮಂಗಲಾ, ಆದ್ರ ನನ್ನ ಕೈಗಿ ಕನ್ನಡದಾಗೇ ಹೇಳಬೇಕು," ಎಂದು ತಾರಾಬಾಯಿ ಹಟ ಹಿಡಿದದ್ದಕ್ಕೆ ಮಂಗಲಾ ಬದಲಿಸಿದ್ದಳು.

"ಎಷ್ಟು ಮರ್ಯಾದಿ ಕೊಟ್ಟು ಮಾತಾಡ್ತಾಳ್ರಿ ಈಕಿ. ಆದ್ರ ರೀತಿ ರಿವಾಜ್ ಗೊತ್ತಿಲ್ಲ," ಎಂದು ತಾರಾಬಾಯಿ ಗಂಡನ ಕಡೆ ತಿರುಗಿದಳು. "ಮುಂಜಾನಿ ಹರೀತೀನಿ ಅಂತ ಹೇಳ್ರಿ ಆಕಿಗಿ."

"ಮುಂಜಾನಿ ಹರೀತಾಳಂತ," ಎಂದ ಮನ್ಮಥಪ್ಪ ಮೊಬೈಲಿಗೆ. ಹೇಳಿದ ಮೇಲೆ ತಾನು ಹೇಳಿದ್ದು ಯಾರಿಗೆ ಎಂಬುದು ಹೊಳೆದು, ಸುತ್ತ ನೋಡಿ, ಕೆಮ್ಮಿದ.

ಸಂಜೆಯಾಗುವ ಮೊದಲೇ ಆಡೋಣವೆಂದರೆ ಮೊಬೈಲು ಸೊಸೆ ಶಿವಕಾಂತಾಳದು. ಇಂಥ ಆಟ ನಡೆಯುವ ಮೊಬೈಲು ಮನೆಯಲ್ಲಿ ಅದೊಂದೇ. ಅವಳು ಝರಾಸಂಗಂ ಶಾಲೆಯಲ್ಲಿ ಟೀಚರು. ಆರರ ಬಸ್ಸಿಗೆ ಜಹೀರಾಬಾದಿಗೆ ವಾಪಸು ಬಂದು ಮನೆ ಮುಟ್ಟುವ ಹೊತ್ತಿಗೆ, ಆ ಚಳಿಗಾಲದಲ್ಲಿ, ದೇವರ ಮುಂದೆ ದೀಪ ಹಚ್ಚಿಯಾಗಿರುತ್ತಿತ್ತು.

ತಾರಾಬಾಯಿಗೆ ಲಕ್ವಾ ಹೊಡೆದು ಒಂದೂವರೆ ತಿಂಗಳಾಗಿತ್ತು. ಮಾತು ಉಳಿದಿತ್ತು, ಬುದ್ಧಿ ಉಳಿದಿತ್ತು, ಕೋಲು ಹಿಡಿದು ನಡೆಯುವುದೂ ಬಂದಿತ್ತು. ಎಡಗೈ ಮಾತ್ರ ಹಿಂದೆ ಬಿದ್ದಿತ್ತು. ಬೆರಳು ಒಳಕ್ಕೆ ಮಡಚಿ ಮೊಗ್ಗಿನ ಹಾಗೆ ಕೂತಿದ್ದವು. "ಮೊದಲ ಮೂರು ತಿಂಗಳು ಜೀವ ಬಿಟ್ಟು ಮಾಡ್ಸಬೇಕು. ಬರೋದೆಲ್ಲ ಹೆಚ್ಚಾಗಿ ಆವಾಗೇ ಬರ್ತದ," ಎಂದಿದ್ದರು ಡಾಕ್ಟರು.

ಎಡಗೈ ತಾನೆ, ಬಲಗೈ ನೆಟ್ಟಗಿದೆಯಲ್ಲ ಎಂದು ನೋಡಲು ಬಂದ ಮಂದಿ ಸಮಾಧಾನ ಹೇಳುತ್ತಿದ್ದರು. ಅವರಿಗೆ ತಾರಾಬಾಯಿ ಏನೂ ಹೇಳುತ್ತಿರಲಿಲ್ಲ. ಆದರೆ ಮನ್ಮಥಪ್ಪನಿಗೆ ಗೊತ್ತಿತ್ತು. ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಇಡುವುದು ಎಡ ಅಂಗೈಯ ಮೇಲೆ. ಬಲಗೈ ವಿಭೂತಿ ಹಚ್ಚುತ್ತದೆ, ಪತ್ರಿ ಏರಿಸುತ್ತದೆ. ಎಡಗೈ ಸುಮ್ಮನೆ ಹಿಡಿದುಕೊಂಡಿರುತ್ತದೆ, ಅಷ್ಟೇ. ಆ ಹಿಡಿದುಕೊಂಡಿರುವುದೇ ಪೂಜೆ. ಏಳನೇ ವಯಸ್ಸಿನಿಂದ ತಾರಾಬಾಯಿ ಒಂದು ದಿನವೂ ತಪ್ಪದೆ ಹಾಗೆ ಹಿಡಿದುಕೊಂಡು ಬಂದವಳು. ಈಗ ಮಠದ ಅಪ್ಪನವರು, "ತಾಯಿ, ಕೈ ಬರೂ ತನಕ ಮಣಿ ಮ್ಯಾಲೆ ಇಟ್ಟು ಮಾಡ್ರಿ, ದೋಷಿಲ್ಲ," ಎಂದು ಅಪ್ಪಣೆ ಕೊಟ್ಟಿದ್ದರಿಂದ ಪುಟ್ಟ ಕಟ್ಟಿಗೆಯ ಮಣೆಯ ಮೇಲಿಟ್ಟು ಮಾಡುತ್ತಿದ್ದಳು. ಮಾಡಿದ ಮೇಲೆ ಎರಡು ತುತ್ತು ಉಂಡು ತಾಟು ಸರಿಸುತ್ತಿದ್ದಳು.

ಮತ್ತೆ, ವಚನ ಹೇಳುವುದನ್ನು ಬಿಟ್ಟಿದ್ದಳು.

ಇದು ಮನ್ಮಥಪ್ಪನನ್ನು ಒಳಗೇ ತಿನ್ನುತ್ತಿತ್ತು. ಮದುವೆಯಾಗಿ ಬಂದ ಮರುದಿನದಿಂದ ಆಕೆ ಲಿಂಗವನ್ನು ಅಂಗೈಯಲ್ಲಿ ಹಿಡಿದು ಒಂದು ವಚನ ಹೇಳುತ್ತಿದ್ದಳು. ಹಾಡುವುದಲ್ಲ, ಓದುವುದೂ ಅಲ್ಲ, ಎದುರಿಗೆ ಕೂತವರ ಜೊತೆ ಮಾತಾಡಿದ ಹಾಗೆ ಹೇಳುವುದು. ಸಾಲು ಸಾಲಾಗಿ ಏರಿ, ನಡುವೆ ತುಸು ನಿಂತು, ಕೊನೆಗೆ ಅಂಕಿತದ ಹೆಸರಿಗೆ ಬಂದಾಗ ದನಿ ಮನೆಯ ಹೊಸ್ತಿಲು ಸೇರಿದ ಹಾಗೆ ಇಳಿಯುತ್ತಿತ್ತು. ಅವನು ಬಾಗಿಲ ಬದಿಯ ಕಂಬಕ್ಕೆ ಆತು ಕೂತು ಕೇಳುತ್ತಿದ್ದ. ನಲವತ್ತಾರು ವರ್ಷ ಕೇಳಿದರೂ ಒಂದನ್ನೂ ಬಾಯಿಪಾಠ ಮಾಡಲಿಲ್ಲ. ಹೇಳುವವಳು ಮನೆಯಲ್ಲೇ ಇರುವಾಗ ಯಾಕೆ ಮಾಡಬೇಕು? ಈಗ ಕೇಳಿದರೆ, "ಅಂಗೈ ಖಾಲಿ ಇಟ್ಕೊಂಡು ಹೆಂಗ ಹೇಳಲ್ರಿ? ಬಾಯಿಗಿ ಬರಂಗಿಲ್ಲ," ಎನ್ನುತ್ತಿದ್ದಳು.

ಮರುದಿನ ಮುಂಜಾನೆ ಪರದೆ ತೆರೆದಾಗ ಹಿಂದಿನ ದಿನದ ಇಪ್ಪತ್ತು ಹೂವಿನ ಮಾಲೆ ಬಾಡಿತ್ತು. ಕಂದುಬಣ್ಣಕ್ಕೆ ತಿರುಗಿದ ಹೂವು ಒಂದೊಂದೇ ಉದುರಿದವು. ತಾರಾಬಾಯಿಯ ಕಣ್ಣು ಆ ಉದುರುವ ಹೂವಿನ ಜೊತೆ ಕೆಳಗಿಳಿದವು.

ಅಂದು ಸಂಜೆ ಮನ್ಮಥಪ್ಪ, "ಚಾರ್ಜಿಂಗಿಗಿ ಹಚ್ತೀನವ್ವಾ," ಎಂದು ಸೊಸೆಯ ಕೈಯಿಂದ ಮೊಬೈಲು ಇಸಿದುಕೊಂಡ. ಶಿವಕಾಂತಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ತಾರಾಬಾಯಿ ಟೀವಿಯ ಮುಂದಿದ್ದಳು. ಅವನು ಕಾಳಿನ ಕೋಣೆಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿ, ಮೊಬೈಲನ್ನು ಡಬ್ಬಿಗೆ ಆನಿಸಿ ನಿಲ್ಲಿಸಿದ. ತೊಗರಿ ಚೀಲಗಳ ಮೇಲೆ ಮಲ್ಲಿಗೆ ಬಳ್ಳಿ ಹಬ್ಬಿತು. ಎಡಗೈ ಚಾಚಿ ಅಂಗೈ ಅಗಲಿಸಿದ. ಐದು ಎಣಿಸಿದ. ಹೂವು ಬಿತ್ತು.

"ಅದ್ಭುತ, ತಾರಾಬಾಯಿಯವರೇ!" ಎಂದಿತು ದನಿ.

ಅವನು ಗಾಬರಿಯಾಗಿ ದನಿಯನ್ನು ತಗ್ಗಿಸಿದ.

ಮನ್ಮಥಪ್ಪ ಜಹೀರಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕಂಟ್ರೋಲರ್ ಆಗಿದ್ದವನು. ತಾಂಡೂರು ಬಸ್ಸು ಏಳು ನಿಮಿಷ ತಡವಾಗಿದ್ದರೆ ರಿಜಿಸ್ಟರಿನಲ್ಲಿ ಏಳು ಎಂದೇ ಬರೆದವನು. ಡ್ರೈವರು ಚಹಾ ಕುಡಿಸಿ, "ಐದು ಅಂತ ಬರೀರಿ ಸಾಬ್," ಎಂದರೆ ಚಹಾ ಕುಡಿದು ಏಳು ಬರೆದವನು. ಅಂಥವನು ಈಗ ತೊಗರಿ ಚೀಲದ ನಡುವೆ ನಿಂತು ಹೆಂಡತಿಯ ಹೆಸರಲ್ಲಿ ಹೂ ಕೀಳುತ್ತಿದ್ದ.

ಮರುದಿನ ಮಾಲೆ ಬಾಡಿರಲಿಲ್ಲ. "ಇದೆಂಗ?" ಎಂದಳು ತಾರಾಬಾಯಿ.

"ಮಂಗಲಾಗ ಫೋನ್ ಮಾಡಿದ್ದೆ. ಮುಂಜಾನಿ ಇಪ್ಪತ್ತೇ ಸಾಕು ಅಂತ ಅದ್ರಾಗ ಸೆಟ್ ಮಾಡ್ಯಾಳ," ಎಂದ ಅವನು, ಗೋಡೆ ನೋಡುತ್ತ.

ಆ ಫೋನನ್ನು ನಿಜವಾಗಿಯೇ ಮಾಡಬಹುದಿತ್ತು. ಅವನ ತಲೆಗೆ ಅದು ಹೊಳೆಯಲೇ ಇಲ್ಲ. ಟೈಂಟೇಬಲ್ ಮಾಡುವವರು ಹೈದರಾಬಾದಿನಲ್ಲಿರುತ್ತಾರೆ, ಸ್ಟ್ಯಾಂಡಿನ ಕಂಟ್ರೋಲರ್ ಅದರಂತೆ ನಡೆಯಬೇಕೇ ಹೊರತು ತಿದ್ದಲಾಗದು ಎಂಬುದು ಅವನ ರಕ್ತದಲ್ಲಿ ಸೇರಿಹೋದ ಮಾತು. ಮಂಗಲಾ ಬೇರೆ ಅಕ್ಕನ ಮಗಳ ಮದುವೆಗೆಂದು ನಾರಾಯಣಖೇಡಕ್ಕೆ ಹೋಗಿದ್ದಳು. ಹದಿನೈದು ದಿನ ಬಿಟ್ಟು ಬರುವೆನೆಂದಿದ್ದಳು.

ಮೊದಲ ವಾರ ಚೆನ್ನಾಗಿ ಹೋಯಿತು. ತಾರಾಬಾಯಿ ಮುಂಜಾನೆ ಎದ್ದು ಮುಖ ತೊಳೆದು ಹಣೆಗೆ ವಿಭೂತಿ ಧರಿಸಿಯೇ ಆಟಕ್ಕೆ ಕೂಡುತ್ತಿದ್ದಳು. ಮೈಲಿಗೆಯಲ್ಲಿ ಹೂ ಮುಟ್ಟಬಾರದಲ್ಲ. ಮೊದಲು ಹೆಬ್ಬೆರಳು ಬಿಚ್ಚಿತು, ಆಮೇಲೆ ತೋರುಬೆರಳು. "ನೋಡ್ರಿ, ನೋಡ್ರಿ, ಬಿತ್ತು!" ಎಂದು ಕೂಗುತ್ತಿದ್ದಳು. ಅವನು ಓಡಿ ಬರುತ್ತಿದ್ದ. ಅಷ್ಟರಲ್ಲಿ ಹೂವು ಬುಟ್ಟಿಗೆ ಹೋಗಿ ಮಾಯವಾಗಿರುತ್ತಿತ್ತು. "ಜಲ್ದಿ ಬರಬೇಕಪ್ಪ. ಬಸ್ಸು ಹೋದ ಮ್ಯಾಲ ಬಂದ್ರ ಯಾರೇನ್ ಮಾಡಬೇಕು," ಎಂದು ಅವನ ಮಾತನ್ನೇ ಅವನಿಗೆ ತಿರುಗಿಸುತ್ತಿದ್ದಳು.

ಒಂಬತ್ತನೇ ದಿನ ಪರದೆಯ ಹೆಣ್ಣು, "ಅಭಿನಂದನೆಗಳು! ನೀವು ಮುಂದಿನ ಹಂತಕ್ಕೆ ಏರಿದ್ದೀರಿ," ಎಂದಳು. ತಾರಾಬಾಯಿ ಹಿಗ್ಗಿದಳು. ಆಮೇಲೆ ಬಳ್ಳಿ ನೋಡಿದರೆ ಹೂವೆಲ್ಲ ಮೇಲಕ್ಕೆ, ಕ್ಯಾಲೆಂಡರಿನ ಮೊಳೆಯ ಎತ್ತರಕ್ಕೆ ಹೋಗಿದ್ದವು. ಐದಲ್ಲ, ಹತ್ತು ಎಣಿಸುವ ತನಕ ಕೈ ಹಿಡಿಯಬೇಕಿತ್ತು. ಅಂದು ಅವಳಿಗೆ ಬಂದದ್ದು ಐದು ಹೂವು. ಮರುದಿನ ನಾಲ್ಕು. ಅದರ ಮರುದಿನ ಮೂರು.

ಕೈ ಸೋಲುತ್ತಿದೆ ಎಂದುಕೊಂಡ ಮನ್ಮಥಪ್ಪ. ಅವಳಿಂದ ಉಳಿದದ್ದನ್ನೂ ಸೇರಿಸಿ ಸಂಜೆ ಕಾಳಿನ ಕೋಣೆಯಲ್ಲಿ ತಾನೇ ಕಿತ್ತ. ಮೂವತ್ತೈದು, ಮೂವತ್ತಾರು, ಮೂವತ್ತೇಳು. ಭುಜ ನೋಯುತ್ತಿತ್ತು. ನೋಯಲಿ ಎನ್ನುತ್ತಿದ್ದ. ಮುಂಜಾನೆ ನೋಡಿದರೆ ಹೂವು ಇನ್ನೂ ಒಂದು ಗೇಣು ಮೇಲೆ. ಮೂರೇ ಹೂವಿಗೂ ಮಾಲೆ ಬಾಡುವುದಿಲ್ಲವೇಕೆ ಎಂದು ಆಕೆ ಕೇಳಿದರೆ, ಈ ಹಂತಕ್ಕೆ ಬಂದಷ್ಟೇ ಸಾಕಂತೆ ಎಂದುಬಿಟ್ಟಿದ್ದ.

"ಕೈ ಹಿಂದಕ್ಕ ಹೊಂಟದ್ರಿ," ಎಂದಳು ತಾರಾಬಾಯಿ ಒಂದು ದಿನ, ಮೆಲ್ಲಗೆ. "ಮುಂದ ಬಂದಿತ್ತು, ಈಗ ಹಿಂದಕ್ಕ ಹೊಂಟದ."

"ಹಂಗೇನಿಲ್ಲ. ಚಳಿಗಿ ಹಂಗಾಗ್ತದ."

"ಚಳಿ ಬಲಗೈಗಿ ಇಲ್ಲೇನು?" ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಪರದೆಯ ಹೆಣ್ಣು ಎರಡು ಸಲ ಕರೆದಳು, ಮೂರನೇ ಸಲ ಸುಮ್ಮನಾದಳು. ಆದರೂ ತಾರಾಬಾಯಿ ದಿನಾ ಮುಂಜಾನೆ ಎದ್ದು ಕೂತು, ಆ ಎತ್ತರದ ಹೂವಿಗೆ ಕೈ ಚಾಚಿ ಚಾಚಿ ಬೆವರುತ್ತಿದ್ದಳು. ಹದಿನಾರನೇ ದಿನ ಕೈ ಇಳಿಬಿಟ್ಟು, "ಮಠದ ಅಪ್ಪನವರಿಗಿ ಹೇಳಿ ಕಳಸ್ರಿ. ಮಣಿ ಮ್ಯಾಲೆ ಮಾಡೋದು ಕಾಯಂ ಆತು ಅಂತ. ಅಂಗೈ ಆಸಿ ಬಿಟ್ಟೆ," ಎಂದಳು.

ಅಂದೇ ಹನ್ನೊಂದು ಗಂಟೆಗೆ ಮಂಗಲಾ ಬಂದಳು. ಅವಳ ಸ್ಕೂಟರಿನ ಡಬ್ಬಿಯಲ್ಲಿ ಮದುವೆಯ ಲಾಡು ಇತ್ತು. ಮೊದಲ ದಿನವೇ ಶಿವಕಾಂತಾಳ ಆಟವನ್ನು ತನ್ನ ಮೊಬೈಲಿಗೆ ಜೋಡಿಸಿಕೊಂಡಿದ್ದಳಾದ್ದರಿಂದ ಹದಿನೈದು ದಿನದ ಆಟದ ಲೆಕ್ಕದ ಗೀಟುಗಳೆಲ್ಲ ಅದರಲ್ಲಿ ಬಂದು ಕೂತಿದ್ದವು. ಅವನ್ನು ನೋಡಿದಳು, ತಾರಾಬಾಯಿಯ ಕೈ ನೋಡಿದಳು, ಕೈಯನ್ನು ಎತ್ತಿ ಮಡಚಿ ತಿರುಗಿಸಿದಳು. ಆಮೇಲೆ ಮನ್ಮಥಪ್ಪನನ್ನು ನೋಡಿದಳು.

"ಕಾಕಾ, ನನ್ನ ಗಾಡಿ ಸ್ಟಾರ್ಟ್ ಆಗಂಗಿಲ್ಲ. ಜರಾ ಬರ್ತೀರೇನು?"

ಗೇಟಿನ ಹೊರಗೆ ಗಾಡಿ ನೆಟ್ಟಗೇ ಇತ್ತು.

"ಕಾಕಾ, ನಿಮ್ಮ ಎಡಗೈ ಭಾಳ ಚೊಲೊ ಅದ ಬಿಡ್ರಿ. ಲಕ್ವಾ ಹೊಡದದ್ದು ನಿಮಗೇನು?"

ಮನ್ಮಥಪ್ಪ ಎಡಗೈಯನ್ನು ಜೇಬಿಗೆ ಹಾಕಿಕೊಂಡ.

"ಮುಂಜಾನಿ ಏಳಕ್ಕ ಒಂದು ಕೈ ಆಡ್ತದ. ಸಂಜಿ ಏಳೂವರಿಗಿ ಇನ್ನೊಂದು ಕೈ ಆಡ್ತದ. ಸಂಜಿ ಕೈಗಿ ನಡುಕಿಲ್ಲ, ದಣಿವಿಲ್ಲ. ಈ ಆಟ ಕೈ ನೋಡಿ ಹೂ ಇಡ್ತದ್ರಿ. ಕೈ ಎಷ್ಟು ಮ್ಯಾಲ ಹೋದ್ರ ಹೂವು ಅಷ್ಟು ಮ್ಯಾಲ. ನೀವು ಸಂಜಿ ನಿಂತು ಹರದ್ರಿ, ಅದು ಅವ್ವನೇ ಹರದಾಳಂತ ತಿಳಕೊಂಡು ಮ್ಯಾಲ ಮ್ಯಾಲ ಇಟ್ಟುಕೋತ ಹೋಗ್ಯಾದ."

"ಅಂದ್ರ... ಆಕಿ ಕೈ ಹಿಂದಕ್ಕ ಹೋಗಿಲ್ಲ?"

"ಎಲ್ಲಿ ಹಿಂದಕ್ಕ? ನಿಮ್ಮ ಕೈ ಮುಟ್ಟೂ ಎತ್ತರಕ್ಕ ಹತ್ತಬೇಕಂತ ಒಂದು ವಾರ ಜಗ್ಗ್ಯಾಡ್ಯಾಳ. ಪಾಪ." ಮಂಗಲಾ ಹೆಲ್ಮೆಟ್ ಎತ್ತಿಕೊಂಡಳು. "ಎದಕ ಮಾಡಿದ್ರಿ ಇದು?"

ಅವನು ದೀಪ ಹಚ್ಚಿದ ಮೇಲಿನ ಮಾತು ಹೇಳಿದ. ಬಾಡಿದ ಮಾಲೆಯ ಮಾತು ಹೇಳಿದ. ಮಂಗಲಾ ಹೆಲ್ಮೆಟನ್ನು ಸೀಟಿನ ಮೇಲಿಟ್ಟು, ಹಣೆ ಹಿಡಿದುಕೊಂಡು ನಗತೊಡಗಿದಳು.

"ಅಯ್ಯ ಕಾಕಾ! ಇದ್ರಾಗ ದೀಪ ಹಚ್ಚೂ ಆಟನೂ ಅದರಿ. ಗುಂಡಿ ಒತ್ತಿದ್ರ ಬಳ್ಳಿ ಹೋಗಿ ದೀಪ ಬರ್ತಾವ. ಒಂದು ಮಾತು ಕೇಳಿದ್ದಿದ್ರ ಅವತ್ತೇ ಮಾಡಿ ಕೊಡ್ತಿದ್ದೆ." ನಗು ನಿಲ್ಲಿಸಿ, "ಅವ್ವಗ ನಾ ಹೇಳಂಗಿಲ್ಲ. ನೀವೇ ಹೇಳ್ರಿ. ಇವತ್ತೇ ಹೇಳ್ರಿ," ಎಂದು ಹೊರಟುಹೋದಳು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಮನ್ಮಥಪ್ಪ ಒಳಗೆ ಬಂದು ಮಂಚದ ಬದಿಗೆ ಕೂತ. ಗಂಟಲು ಸರಿ ಮಾಡಿಕೊಂಡ. ಇನ್ನೊಂದು ಸಲ ಸರಿ ಮಾಡಿಕೊಂಡ.

"ಏನ್ ಹೇಳಬೇಕಂತ ಬಂದೀರಿ, ಹೇಳಿ ಬಿಡ್ರಿ," ಎಂದಳು ತಾರಾಬಾಯಿ, ಗೋಡೆ ಕಡೆ ಮುಖ ಮಾಡಿಕೊಂಡೇ.

"ತಾರಾ." ಹೆಸರು ಹಿಡಿದು ಕರೆಯುವುದನ್ನು ಅವನು ಕಲಿತದ್ದು ಆಸ್ಪತ್ರೆಯಲ್ಲಿ. ಅದಕ್ಕೂ ಮೊದಲು ಆಕೆ ಅವನಿಗೆ 'ವೀರಭದ್ರನವ್ವ' ಅಷ್ಟೇ, ಮಗನ ಹೆಸರಿನಿಂದ. "ಸಂಜಿ ಹೂವು ನಾ ಹರೀತಿದ್ದೆ."

"ಯಾ ಹೂವು?"

"ಮೊಬೈಲಿನವು. ಕಾಳಿನ ಕೋಣ್ಯಾಗ ನಿಂತು. ನಿನ್ನ ಹೆಸರಿಲೆ."

ತಾರಾಬಾಯಿ ಮಗ್ಗುಲು ಬದಲಿಸಿದಳು. ಅವನು ಉಳಿದದ್ದನ್ನೂ ಹೇಳಿದ. ಹೂವು ಯಾಕೆ ಮೇಲೇರಿದವು, ಮಂಗಲಾಗೆ ಫೋನು ಮಾಡಿದ್ದು ಸುಳ್ಳು, ಕೈ ಹಿಂದಕ್ಕೆ ಹೋಗಿಲ್ಲ, ಎಲ್ಲ.

"ದೀಪ ಹಚ್ಚಿದ ಮ್ಯಾಲ ಹರದ್ರಿ?"

"ಹೌದು."

"ಎಷ್ಟು?"

"ನಾನೂರ ಹನ್ನೊಂದು."

ಕಂಟ್ರೋಲರನ ಲೆಕ್ಕ ಅದು, ತಪ್ಪಿರುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು. "ನನ್ನ ಕೈ ಸಾಯಾಕ ಹತ್ಯಾದ ಅಂತ ನಾ ಒಂದು ವಾರ ಇಲ್ಲಿ ಬಿದ್ದು ಅತ್ತೀನಿ. ನೀವು ನೋಡಿಕೋತ ಕೂತಿದ್ರಿ."

"ನೋಡಿಕೋತ ಎಲ್ಲಿ ಕೂತಿದ್ದೆ? ಕೋಣ್ಯಾಗ ಹೂ ಹರಿಯಾಕ ಹತ್ತಿದ್ದೆ."

ಹೇಳಬಾರದ ಹೊತ್ತಿನಲ್ಲಿ ಹೇಳಿದ ಮಾತು. ತಾರಾಬಾಯಿ ತುಟಿ ಬಿಗಿಹಿಡಿದಳು. ಆದರೂ ನಗು ಬಂತು. ಮೊದಲು ಬಾಯಿಯ ಬಲಗಡೆ, ಆಮೇಲೆ ತುಸು ತಡವಾಗಿ ಎಡಗಡೆ. ತಡವಾಗಿಯಾದರೂ ಬಂತಲ್ಲ ಎಂದು ಮನ್ಮಥಪ್ಪ ಅದನ್ನೇ ನೋಡಿದ.

"ನಗಾಕ ಹತ್ತೀನಂತ ಸಿಟ್ಟು ಹೋಗ್ಯಾದ ಅನಕೋಬ್ಯಾಡ್ರಿ," ಎಂದಳು ಕಣ್ಣೊರೆಸಿಕೊಂಡು. "ಅಷ್ಟು ಹೂ ಹರದು ಯಾ ದೇವರಿಗಿ ಏರಿಸಿದ್ರಿ?"

"ಯಾರಿಗೂ ಇಲ್ಲ. ಬುಟ್ಟ್ಯಾಗ ಬಿದ್ದು ಮಾಯ ಆಗ್ತಿದ್ದವು. ನಿನ್ನ ಕೈಗಿ ಅಂತ ಹರದೆ."

ಆಕೆ ಸ್ವಲ್ಪ ಹೊತ್ತು ತನ್ನ ಎಡಗೈಯನ್ನೇ ನೋಡಿದಳು. "ಆ ಮಾಲಿ ಅಳಸ್ರಿ."

"ಹದಿನೈದು ದಿನದ್ದು ತಾರಾ, ಎಷ್ಟು ಉದ್ದ ಆಗ್ಯಾದ..."

"ಅಳಸ್ರಿ. ನಂದಲ್ಲ ಅದು. ಒಂದೇ ಹೂವಿಂದ ಶುರು ಮಾಡ್ತೀನಿ. ಮತ್ತ ನೀವು ಆ ಮೊಬೈಲಿಗಿ ಕೈ ತೋರಿಸಿದ್ರ ನೋಡ್ರಿ."

ಸಂಜೆ ಶಿವಕಾಂತಾ ಬಂದ ಮೇಲೆ ಮಂಗಲಾಗೆ ಫೋನು ಹಚ್ಚಿ, ಅವಳು ಹೇಳಿದ ಹಾಗೆ ಎಲ್ಲ ಅಳಿಸಿ, ಮೊದಲ ಹಂತಕ್ಕೆ ತಂದಿಟ್ಟಳು. ದೀಪದ ಆಟವನ್ನೂ ಹಾಕಿದಳು. ಪಡಸಾಲೆಯ ಗೋಡೆಯ ಉದ್ದಕ್ಕೂ ಪರದೆಯಲ್ಲಿ ಪಣತಿಗಳ ಸಾಲು ಬಂತು. ಅಂಗೈ ಅಗಲಿಸಿ ಹಿಡಿದರೆ ಒಂದು ಹತ್ತಿಕೊಳ್ಳುತ್ತಿತ್ತು. "ಈಗ ಶಾಣೆ ಆದ್ಲು ನೋಡ್ರಿ ಈಕಿ," ಎಂದು ತಾರಾಬಾಯಿ ಪರದೆಯ ಹೆಣ್ಣನ್ನು ಮೆಚ್ಚಿಕೊಂಡಳು.

ಮರುದಿನ ಮುಂಜಾನೆ ಮೊದಲ ಹಂತದ ಬಳ್ಳಿ ಮತ್ತೆ ಮಂಚದ ಹತ್ತಿರಕ್ಕೆ ಇಳಿದಿತ್ತು. ತಾರಾಬಾಯಿ ಕೈ ಚಾಚಿದಳು. ಒಂದು ವಾರ ಮೊಳೆಯ ಎತ್ತರಕ್ಕೆ ಜಗ್ಗಿದ ಕೈ, ಹೂವನ್ನೂ ದಾಟಿ ಮೇಲೆ ಹೋಯಿತು. ಆಕೆ ಕೈಯನ್ನು ಕೆಳಗೆ ತರಬೇಕಾಯಿತು. ಗಂಡನ ಕಡೆ ನೋಡಿದಳು. ಅವನು ಇಪ್ಪತ್ತು ಹೂವು ಆಗುವ ತನಕ ಕಂಬಕ್ಕೆ ಆತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

ಇದಾಗಿ ಇಪ್ಪತ್ತೆರಡು ದಿನಕ್ಕೆ, ಮೂರು ತಿಂಗಳು ತುಂಬಲು ಇನ್ನೂ ಕೆಲವು ದಿನ ಇರುವಾಗ, ಒಂದು ಮುಂಜಾನೆ ಪೂಜೆಗೆ ಕೂತ ತಾರಾಬಾಯಿ, "ಮಣಿ ಸರಸ್ರಿ," ಎಂದಳು.

ಮನ್ಮಥಪ್ಪ ಮಣೆ ಸರಿಸಿದ. ಆಕೆ ಬಲಗೈಯಿಂದ ಕರಡಿಗೆ ಬಿಚ್ಚಿ, ಲಿಂಗವನ್ನು ತೆಗೆದು, ಎಡ ಅಂಗೈಯ ಮೇಲಿಟ್ಟುಕೊಂಡಳು. ಕಿರುಬೆರಳು ಪೂರಾ ಬಿಚ್ಚಿರಲಿಲ್ಲ. ಬಟ್ಟಲಿನ ಅಂಚಿನ ಹಾಗೆ ತುಸು ಮೇಲೆದ್ದು ನಿಂತಿತ್ತು. ಅಂಗೈ ನಿಧಾನವಾಗಿ ಎದೆಯ ಮಟ್ಟಕ್ಕೆ ಏರಿತು.

ಮನ್ಮಥಪ್ಪ ಎದುರಿಗೆ ಕೂತು ತನ್ನ ಅಂಗೈಯನ್ನು ಆಕೆಯ ಅಂಗೈಯ ಕೆಳಗೆ ಒಂದು ಗೇಣು ಬಿಟ್ಟು ಚಾಚಿದ.

"ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲ. ಇರ್ಲಿ ಅಂತ."

ವಿಭೂತಿ ಆಯಿತು, ಪತ್ರಿ ಆಯಿತು, ಹಿತ್ತಲ ಗಿಡದ ಒಂದು ಹೂವು ಏರಿತು. ಆಮೇಲೆ ತಾರಾಬಾಯಿ ಕಣ್ಣು ಅರೆ ಮುಚ್ಚಿ ವಚನ ಹೇಳತೊಡಗಿದಳು. ಎರಡೂವರೆ ತಿಂಗಳು ಮನೆಯಲ್ಲಿ ಇಲ್ಲದ ದನಿ. ಮೊದಲ ಸಾಲು ಮೆಲ್ಲಗೆ, ಕಾಲು ಒದ್ದೆಯಿರುವವರು ಹೊಸ ಗಚ್ಚಿನ ಮೇಲೆ ಹೆಜ್ಜೆಯಿಟ್ಟ ಹಾಗೆ. ಎರಡನೆಯದು ಗಟ್ಟಿ. ಮೂರನೆಯ ಸಾಲಿಗೆ ಅಂಗೈ ಒಂದು ಬದಿಗೆ ಇಷ್ಟೇ ವಾಲಿತು. ಮನ್ಮಥಪ್ಪನ ಅಂಗೈಯೂ ಅದರ ಕೆಳಗೆ ಆ ಬದಿಗೇ ಸರಿಯಿತು. ಆಕೆ ಹೇಳುವುದನ್ನು ನಿಲ್ಲಿಸಲಿಲ್ಲ. ಸಾಲಿನ ನಡುವೆ ಸಹಜವಾಗಿ ತುಸು ನಿಲ್ಲುವ ಜಾಗವಿತ್ತು, ಅಲ್ಲಿ ಅಂಗೈಯನ್ನು ಸಮ ಮಾಡಿಕೊಂಡಳು. ಐದು ಎಣಿಸುವ ಹೊತ್ತು ಯಾವಾಗಲೋ ಕಳೆದಿತ್ತು, ಹತ್ತು ಎಣಿಸುವ ಹೊತ್ತೂ ಕಳೆದಿತ್ತು. ಸಾಲು ಏರಿತು, ತಿರುಗಿತು, ಕೊನೆಗೆ ಅಂಕಿತದ ಹೆಸರಿಗೆ ಬಂದು, ಹೊಸ್ತಿಲು ಸೇರಿದ ಹಾಗೆ ಇಳಿಯಿತು.

ಪಡಸಾಲೆಯಲ್ಲಿ ಯಾರೂ ಯಾರಿಗೂ ಅಭಿನಂದನೆ ಹೇಳಲಿಲ್ಲ. ಮೊಬೈಲು ಶಿವಕಾಂತಾಳ ಚೀಲದಲ್ಲಿತ್ತು.

ತಾರಾಬಾಯಿ ಕಣ್ಣು ತೆರೆದು ಮೊದಲು ತನ್ನ ಅಂಗೈ ನೋಡಿದಳು, ಆಮೇಲೆ ಅದರ ಕೆಳಗೆ ಚಾಚಿಕೊಂಡೇ ಇದ್ದ ಇನ್ನೊಂದು ಅಂಗೈ ನೋಡಿದಳು.

"ಕೈ ತಗೀರಿ ಇನ್ನ," ಎಂದಳು. "ನಡಗಾಕ ಹತ್ತಿದ್ದು ನಿಮ್ಮ ಕೈ, ನಂದಲ್ಲ."

ಮನ್ಮಥಪ್ಪ ನೋಡಿದ. ಹೌದು.